ವಾಪಸ್ ತಂದ ಎರಡು ಪಂಪುಗಳು

ನಾನು ಶಾಲೆ ಬಿಟ್ಟಿದ್ದು ೧೯೮೧ರಲ್ಲಿ, ಎಂಟನೇ ತರಗತಿಯ ಮಧ್ಯದಲ್ಲಿ. ಫೇಲಾಗಿ ಬಿಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಎಂಟನೇ ತರಗತಿ ಅಂದ ಕೂಡಲೇ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಮ್ಮಪ್ಪ ವರ್ತೂರು ಕೆರೆಯ ನೀರುಗಂಟಿಯಾಗಿದ್ದರು. ಕೆರೆಯ ತೂಬು ಎತ್ತಿ, ಇಳಿಸಿ, ಕೆಳಗಿನ ಗದ್ದೆ ತೋಟಗಳಿಗೆ ಸರದಿಯ ಪ್ರಕಾರ ನೀರು ಬಿಡುವ ಕೆಲಸ. ಆ ವರ್ಷ ತೂಬಿನ ಕಲ್ಲಿನಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅಪ್ಪ ಮಲಗಿದರೆಂದು ಗದ್ದೆಯವರ ಸರದಿ ನಿಲ್ಲುವುದಿಲ್ಲವಲ್ಲ. ನಾನು ಹೋಗಿ ತೂಬು ಎತ್ತಿದೆ. ಎರಡು ಬೆಳೆ ಮುಗಿಯುವವರೆಗೂ ಎತ್ತಿದೆ. ಅಪ್ಪ ಎದ್ದು ಓಡಾಡುವ ಹೊತ್ತಿಗೆ ನನ್ನ ಓರಗೆಯವರು ಹತ್ತನೆಯಲ್ಲಿದ್ದರು. ಅವರ ತಮ್ಮಂದಿರ ಜೊತೆ ಬೆಂಚಿನಲ್ಲಿ ಕೂರುವುದಕ್ಕೆ ನನಗೆ ಮನಸ್ಸಾಗಲಿಲ್ಲ.

ಪೀಣ್ಯದಲ್ಲಿ ನಮ್ಮ ಸೋದರಮಾವ ಕಬ್ಬಿಣ ಕಡೆಯುವ ಒಂದು ಲೇತ್ ಶೆಡ್ಡಿನಲ್ಲಿದ್ದರು. ಅವರು ಕರೆದುಕೊಂಡು ಹೋದರು. ಅಲ್ಲಿ ಮೊದಲು ಕಬ್ಬಿಣದ ಸಿಪ್ಪೆ ಗುಡಿಸಿದೆ, ಆಮೇಲೆ ಲೇತ್ ಹಿಡಿದೆ, ಆಮೇಲೆ ಮೈಕ್ರೋಮೀಟರ್ ಹಿಡಿಯುವುದು ಕಲಿತೆ. ಒಂದು ಕೂದಲು ಎಷ್ಟು ದಪ್ಪ ಅನ್ನುವುದು ಶಾಲೆಯಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಪೀಣ್ಯದಲ್ಲಿ ಗೊತ್ತಾಯಿತು. ಕೂದಲಿಗಿಂತ ಸಣ್ಣ ಲೆಕ್ಕದಲ್ಲಿ ಕೆಲಸ ಮಾಡಿ ಊಟ ಸಂಪಾದಿಸುವವರು ಇದ್ದಾರೆ ಅನ್ನುವುದೂ ಗೊತ್ತಾಯಿತು.

೧೯೯೦ರಲ್ಲಿ ಮದುವೆಯಾಯಿತು. ಮನೆ ವರ್ತೂರಿನಲ್ಲಿ, ಕೆಲಸ ಪೀಣ್ಯದಲ್ಲಿ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಸ್ಸು ಬದಲಿಸಿ ಬದಲಿಸಿ ಬೇಸತ್ತಿದ್ದಾಗ ವೈಟ್‌ಫೀಲ್ಡ್ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಚಿಕ್ಕ ಕಂಪನಿಗೆ ಫಿಟ್ಟರ್ ಬೇಕಾಗಿದೆ ಎಂದು ಕೇಳಿ ಹೋದೆ. ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರ. ಏನು ಕೆಲಸ ಎಂದು ಕೇಳಿದರೆ ವಿಮಾನದ ಪಂಪು ರಿಪೇರಿ ಅಂದರು. ನಾನು ನಗಲಿಲ್ಲ, ಆದರೆ ನಂಬಲೂ ಇಲ್ಲ. ಆ ಶೆಡ್ಡಿನ ಪಕ್ಕದಲ್ಲಿ ಒಂದು ಕಡೆ ಬಿಸ್ಕತ್ತಿನ ಡಬ್ಬ ಮಾಡುತ್ತಿದ್ದರು, ಇನ್ನೊಂದು ಕಡೆ ಸೋಪಿನ ಪುಡಿ.

ವಿಮಾನದ ಇಂಧನ ಇರುವುದು ರೆಕ್ಕೆಯ ಒಳಗೆ. ಅಲ್ಲಿಂದ ಎಂಜಿನ್ನಿಗೆ ಅದನ್ನು ತಳ್ಳುವ ಪಂಪು, ನಮ್ಮ ಬೋರ್‌ವೆಲ್ ಒಳಗೆ ಇಳಿಸಿರುತ್ತಾರಲ್ಲ, ಹಾಗೆ ಇಂಧನದೊಳಗೇ ಮುಳುಗಿಕೊಂಡಿರುತ್ತದೆ. ಎರಡು ಕೈಯಲ್ಲಿ ಎತ್ತಿಕೊಳ್ಳಬಹುದಾದಷ್ಟು ದೊಡ್ಡದು. ಅದರ ಬೇರಿಂಗಿಗೆ ಬೇರೆ ಎಣ್ಣೆ ಹಾಕುವುದಿಲ್ಲ. ಅದು ತಳ್ಳುವ ಇಂಧನವೇ ಅದಕ್ಕೆ ಎಣ್ಣೆ, ಅದೇ ಅದಕ್ಕೆ ತಂಪು. ಟ್ಯಾಂಕು ಖಾಲಿಯಾದ ಮೇಲೂ ಯಾರಾದರೂ ಸ್ವಿಚ್ ಆರಿಸುವುದು ಮರೆತರೆ ಪಂಪು ಒಣಗಿದಲ್ಲೇ ತಿರುಗಿ ತನ್ನನ್ನು ತಾನೇ ತಿನ್ನುತ್ತದೆ. ಬಿಚ್ಚಿದಾಗ ಅದು ಕಾಣುತ್ತದೆ: ಶಾಫ್ಟಿನ ಮೇಲೆ ನೀಲಿ ಬಣ್ಣ ತಿರುಗಿರುತ್ತದೆ, ಅದು ಕೂರುವ ಬುಷ್ಷಿನ ಒಂದು ಮಗ್ಗುಲು ಮಾತ್ರ ಸವೆದು ಬಾಯಿ ಬಿಟ್ಟಿರುತ್ತದೆ.

ಪಂಪು ನಮ್ಮಲ್ಲಿಗೆ ಬಂದಾಗ ಅದಕ್ಕೊಂದು ಚೀಟಿ ಕಟ್ಟಿರುತ್ತಿತ್ತು: ಯಾವ ವಿಮಾನ, ಯಾವ ರೆಕ್ಕೆ, ಏಕೆ ತೆಗೆದರು. ಮೊದಲು ಬಾಯಿಗೆ ಹಾಕಿದ ಜಾಲರಿ ನೋಡುತ್ತಿದ್ದೆವು. ಜಾಲರಿಯಲ್ಲಿ ಏನು ಸಿಕ್ಕಿದೆ ಅನ್ನುವುದರಿಂದ ಅರ್ಧ ಕಥೆ ತಿಳಿಯುತ್ತದೆ. ಆಮೇಲೆ ಬಿಗಿದ ತಂತಿ ಕತ್ತರಿಸಿ, ಒಂದೊಂದೇ ಭಾಗ ಬಿಚ್ಚಿ, ತೊಳೆದು, ಗಾಳಿಯ ಗನ್ನಿನಿಂದ ಊದಿ ಒಣಗಿಸಿ, ಭೂತಗನ್ನಡಿಯ ಕೆಳಗೆ ಇಟ್ಟು ನೋಡಿ, ಅಳೆದು, ಸವೆದಿದ್ದನ್ನು ಬದಲಿಸಿ ಮತ್ತೆ ಕಟ್ಟುವುದು. ಕೊನೆಗೆ ಟೆಸ್ಟ್ ಬೆಂಚಿನ ಮೇಲೆ ಕೂರಿಸಿ ಓಡಿಸುವುದು. ಎಷ್ಟು ತಳ್ಳುತ್ತದೆ, ಎಷ್ಟು ಕರೆಂಟು ಎಳೆಯುತ್ತದೆ, ಸೀಲಿನಿಂದ ತೊಟ್ಟಿಕ್ಕುತ್ತದೋ ಇಲ್ಲವೋ, ಇಷ್ಟೇ. ಹೇಳುವುದಕ್ಕೆ ಇಷ್ಟೇ. ಕೈ ಕೂರುವುದಕ್ಕೆ ಎರಡು ವರ್ಷ ಹಿಡಿಯಿತು.

ವಿಮಾನದ ಇಂಧನ ನೋಡುವುದಕ್ಕೆ, ಮೂಸುವುದಕ್ಕೆ ಸೀಮೆಎಣ್ಣೆಯ ಹಾಗೇ. ನನ್ನ ಅಂಗಿಗಳನ್ನು ನನ್ನ ಹೆಂಡತಿ ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದಳು. ಮಳೆಗಾಲದಲ್ಲಿ ಸೈಕಲ್ ಬಿಟ್ಟು ಬಸ್ಸು ಹತ್ತಿದರೆ ಕಂಡಕ್ಟರ್ ಒಬ್ಬ ನನ್ನ ಚೀಲ ಮುಟ್ಟಿ ನೋಡಿ, ಸೊಸೈಟಿ ಸೀಮೆಎಣ್ಣೆ ಬಸ್ಸಲ್ಲಿ ತಗೊಂಡು ಹೋಗಂಗಿಲ್ಲ ಅಣ್ಣ ಎನ್ನುತ್ತಿದ್ದ. ನಾನು ವಿಮಾನದ ಕೆಲಸ ಮಾಡುತ್ತೇನೆ ಅಂದರೆ, ಆಯಿತು ಪೈಲಟ್ ಸಾರ್, ಟಿಕೆಟ್ ತಗೊಳ್ಳಿ ಎಂದು ಇಡೀ ಬಸ್ಸನ್ನು ನಗಿಸಿದ. ಆಮೇಲೆ ಆ ರೂಟಿನಲ್ಲಿ ನನಗೆ ಅದೇ ಹೆಸರಾಯಿತು.

ನಮ್ಮ ಶಾಪಿನಲ್ಲಿ ಒಂದು ಪದ್ಧತಿ ಇತ್ತು, ಈ ಕೆಲಸ ಮಾಡುವ ಎಲ್ಲ ಕಡೆಯೂ ಇದೆ. ಪಂಪಿನ ಜೊತೆ ಒಂದು ಜಾಬ್ ಕಾರ್ಡ್ ಓಡಾಡುತ್ತದೆ. ಪ್ರತಿ ಹಂತ ಮುಗಿದ ಮೇಲೆ ಅದರ ಎದುರು ಒಂದು ಗುಂಡನೆಯ ಸ್ಟ್ಯಾಂಪ್ ಒತ್ತಬೇಕು. ಸ್ಟ್ಯಾಂಪಿನಲ್ಲಿ ಹೆಸರಿಲ್ಲ, ಒಂದು ನಂಬರ್ ಮಾತ್ರ. ಆದರೆ ಆ ನಂಬರ್ ಯಾರದು ಎಂದು ಪಂಪು ಬದುಕಿರುವಷ್ಟು ಕಾಲ ಗೊತ್ತಿರುತ್ತದೆ. ಸ್ಟ್ಯಾಂಪ್ ಇದ್ದವನು ಬೆಂಚಿನವನು. ಇಲ್ಲದವನು ಎಷ್ಟೇ ಚೆನ್ನಾಗಿ ಕಟ್ಟಿದರೂ ಕೈಯಾಳು.

ನಮ್ಮಲ್ಲಿ ಪಂಪಿನ ಸ್ಟ್ಯಾಂಪ್ ಇದ್ದದ್ದು ಫೋರ್‌ಮನ್ ಒಬ್ಬರಿಗೇ. ಅವರು ವಾಯುಪಡೆಯಲ್ಲಿ ದುಡಿದು ಪಿಂಚಣಿ ತೆಗೆದುಕೊಂಡು ಬಂದವರು. ಮನೆಯಲ್ಲಿ ತಮಿಳು, ಶಾಪಿನಲ್ಲಿ ನಮಗಿಂತ ಜೋರು ಕನ್ನಡ. ಆರು ವರ್ಷ ನಾನು ಕಟ್ಟಿದ್ದಕ್ಕೆ ಅವರು ಒತ್ತಿದರು. ಒತ್ತುವ ಮುಂಚೆ ಪ್ರತಿ ಸಲವೂ ನೋಡುತ್ತಿದ್ದರು. ನನ್ನ ಮೇಲೆ ನಂಬಿಕೆ ಇದೆಯೆಂದು ನೋಡದೆ ಒತ್ತಿದವರಲ್ಲ. ನನಗೆ ಅದರಲ್ಲಿ ಬೇಸರವಿರಲಿಲ್ಲ. ಆದರೆ ಕಾರ್ಡಿನ ಮೇಲೆ ಅವರ ನಂಬರ್ ಒಣಗುವವರೆಗೂ ನೋಡುತ್ತಾ ನಿಲ್ಲುತ್ತಿದ್ದೆ. ಆ ಕೆಲಸ ನನ್ನದು.

೧೯೯೬ರಲ್ಲಿ ಎರಡು ಬದಲಾವಣೆ ಆದವು. ಫೋರ್‌ಮನ್ ಮುಂದಿನ ಯುಗಾದಿಗೆ ಕೆಲಸ ಬಿಡುವುದಾಗಿ ಹೇಳಿದರು. ಮತ್ತು ಕ್ವಾಲಿಟಿ ವಿಭಾಗಕ್ಕೆ ಧಾರವಾಡದ ಕಡೆಯ ಒಬ್ಬ ಮೇಡಂ ಬಂದರು. ಎಂಜಿನಿಯರ್ ಓದಿದವರು, ಮಾರತ್‌ಹಳ್ಳಿಯ ಹತ್ತಿರ ಹೊಸದಾಗಿ ಎದ್ದಿದ್ದ ಅಪಾರ್ಟ್‌ಮೆಂಟಿನಲ್ಲಿ ಮನೆ. ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಂಡು ಬಂದು, ಪಂಪಿಗೆ ಧೂಳು ಸೇರದಂತೆ ಮಾಡಿದ ಕ್ಲೀನ್ ರೂಮಿನ ಬಾಗಿಲಲ್ಲಿ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿಕೊಂಡು ಒಳಗೆ ಬರುತ್ತಿದ್ದರು. ಸಂಜೆ ಹೊರಡುವಾಗ ಮತ್ತೆ ಇಟ್ಟುಕೊಳ್ಳುತ್ತಿದ್ದರು. ಅದನ್ನು ನೋಡಿದ ದಿನವೇ, ಈಕೆಗೆ ಕೆಲಸ ಗೊತ್ತು ಅಂದುಕೊಂಡೆ.

ಫೋರ್‌ಮನ್ ಜಾಗಕ್ಕೆ ಯಾರು ಅನ್ನುವ ಮಾತು ಬಂದಾಗ ಫೋರ್‌ಮನ್ ನನ್ನ ಹೆಸರು ಹೇಳಿದರು. ಮೇಡಂ ನನ್ನ ಫೈಲ್ ತೆಗೆದು ನೋಡಿ ನನ್ನನ್ನೇ ಕರೆಸಿದರು. ಸ್ಟ್ಯಾಂಪಿಗೆ ಎಸ್ಸೆಸ್ಸೆಲ್ಸಿ ಆಗಿರಬೇಕು ಎಂದು ನಿಯಮವಿದೆ, ಅನುಭವ ಇದ್ದವರಿಗೆ ಒಂದು ವಿನಾಯಿತಿಯೂ ಇದೆ ಎಂದು ಬಿಡಿಸಿ ಹೇಳಿದರು. ಅದೇ ಸಮಯಕ್ಕೆ ಹೊಸ ವಿಮಾನ ಕಂಪನಿಯೊಂದು ನಮ್ಮ ಕೆಲಸ ಪರೀಕ್ಷಿಸಲೆಂದು ಆರು ಪಂಪು ಕಳಿಸಿತ್ತು.

"ಆರೂ ನೀವೇ ಬಿಚ್ರಿ, ನೀವೇ ಕಟ್ರಿ. ಫೋರ್‌ಮನ್ ಬರೇ ನೋಡ್ತಾರ. ಒಂದೂ ವಾಪಸ್ ಬರಬಾರದು. ಬರಲಿಲ್ಲಾಂದ್ರ ನಾ ನಿಮ್ಮ ಸಲುವಾಗಿ ಬರೀತೀನಿ," ಅಂದರು.

"ಬಂದ್ರೆ ಮೇಡಂ?"

"ಬಂದ್ರ ಬರಿಯಾಕ ಆಗೂದಿಲ್ಲ ನೋಡ್ರಿ. ಅದೇ ನಿಯಮ."

ನನಗೆ ಆ ಉತ್ತರ ಹಿಡಿಸಿತು. ನೋಡೋಣ, ಮಾಡೋಣ ಎನ್ನುವವರ ಕೈಕೆಳಗೆ ನಾನು ಬಹಳ ದಿನ ದುಡಿದಿದ್ದೆ.

ಆರೂ ಪಂಪು ಬಿಚ್ಚಿ ನೋಡಿ, ಅಳತೆ ತೆಗೆದು, ಸವೆದ ಬುಷ್ಷು, ಸೀಲು ಬದಿಗಿಟ್ಟು ಹೊಸದನ್ನು ತರಿಸಿಕೊಳ್ಳುವ ಹೊತ್ತಿಗೆ ಆಯುಧಪೂಜೆ ಬಂತು. ಕೊನೆಯ ಸಲ ತೊಳೆದು ಕಟ್ಟುವುದೊಂದೇ ಉಳಿದಿತ್ತು. ಹಬ್ಬ ಮುಗಿಸಿ ಶುರು ಮಾಡೋಣ ಅಂದರು ಫೋರ್‌ಮನ್.

ಆಯುಧಪೂಜೆಯ ದಿನ ಬೆಂಗಳೂರಿನ ಯಾವ ಶೆಡ್ಡಿಗೆ ಹೋದರೂ ಒಂದೇ ನೋಟ. ಲೇತಿಗೆ ಬಾಳೆಕಂದು ಕಟ್ಟಿ, ಡ್ರಿಲ್ಲಿಗೆ ಚೆಂಡುಹೂವು ಸುತ್ತಿ, ಎಲ್ಲದಕ್ಕೂ ಅರಿಶಿನ ಕುಂಕುಮ. ನಮ್ಮಲ್ಲಿ ಮಾತ್ರ ಕ್ಲೀನ್ ರೂಮಿನ ಒಳಗೆ ಇದ್ಯಾವುದೂ ಇಲ್ಲ. ಬಾಗಿಲ ಹೊರಗೆ ಪೂಜೆ ಮಾಡಿ, ಟೆಸ್ಟ್ ಬೆಂಚಿನ ಕಡೆಗೆ ಕೈ ಮುಗಿಯುವುದು. ಫೋರ್‌ಮನ್ನೇ ಮಾಡಿದ ಕಟ್ಟುನಿಟ್ಟು ಅದು. ಪೂಜೆ ಆದಮೇಲೆ ಎಲ್ಲ ಮೆಷಿನ್ನುಗಳನ್ನೂ ಒಂದು ಗಳಿಗೆ ಓಡಿಸಿ ನಿಲ್ಲಿಸುವುದು ಪದ್ಧತಿ. ಕೊನೆಗೆ ಬೂದುಗುಂಬಳಕ್ಕೆ ರಂಧ್ರ ಕೊರೆದು, ಒಳಗೆ ಕುಂಕುಮ, ಚಿಲ್ಲರೆ ತುಂಬಿ, ದೃಷ್ಟಿ ತೆಗೆದು ನೆಲಕ್ಕೆ ಅಪ್ಪಳಿಸಿ ಒಡೆಯುವುದು.

ಕುಂಬಳಕಾಯಿ ಒಡೆಯುವುದು ಫೋರ್‌ಮನ್ನರ ಹಕ್ಕು. ಪ್ರತಿ ವರ್ಷ ಗೇಟಿನ ಮುಂದೆ ಒಡೆಯುತ್ತಿದ್ದರು. ಆ ವರ್ಷ ಗೇಟಿನ ಮುಂದೆ ಸೋಪಿನ ಪುಡಿಯವರ ಲಾರಿ ಕೆಟ್ಟು ನಿಂತಿತ್ತು. ಡ್ರೈವರ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಹಿಂದಿನ ಬಾಗಿಲಲ್ಲಿ ಒಡೆಯೋಣ ಎಂದು ಎಲ್ಲರೂ ಹಿಂದಕ್ಕೆ ಹೋದೆವು. ಕಾಯಿ ಸಣ್ಣದು ಸಿಕ್ಕಿತ್ತು, ಕುಂಕುಮದ ಪೊಟ್ಟಣ ದೊಡ್ಡದಿತ್ತು. ಮೂರು ಸುತ್ತು ಸುತ್ತಿ ಅಪ್ಪಳಿಸಿದಾಗ ಕೆಂಪು ಹೊಗೆಯ ಹಾಗೆ ಎದ್ದಿತು. ಎಲ್ಲರೂ ನಕ್ಕೆವು. ಕಂಪ್ರೆಸರ್ ಪಕ್ಕದಲ್ಲೇ ಜೋರಾಗಿ ಸದ್ದು ಮಾಡುತ್ತಿತ್ತು. ಪೂಜೆಗೆಂದು ಅದನ್ನೂ ಓಡಿಸಿದ್ದರು. ಆ ಸದ್ದಿನಲ್ಲಿ ಫೋರ್‌ಮನ್ ಏನು ಹೇಳಿ ನಕ್ಕರೋ ನನಗೆ ಕೇಳಲಿಲ್ಲ.

ಹಬ್ಬ ಮುಗಿಸಿ ಬಂದು ಮೊದಲ ಎರಡು ಪಂಪು ತೊಳೆದು ಕಟ್ಟಿದೆ. ಬೆಂಚಿನ ಮೇಲೆ ಎರಡೂ ಚೆನ್ನಾಗಿ ಓಡಿದವು. ಆ ಕಂಪನಿಯ ಬಳಿ ಬಿಡಿ ಪಂಪು ಕಡಿಮೆ ಇದ್ದಿದ್ದರಿಂದ ಗುರುವಾರವೇ ಬಂದು ತೆಗೆದುಕೊಂಡು ಹೋದರು. ಮಾರನೇ ದಿನ ಎರಡೂ ಒಂದೇ ವಿಮಾನಕ್ಕೆ ಹತ್ತಿದವು ಎಂದು ಫೋನ್ ಬಂತು. ಆ ಸಂಜೆ ಸೈಕಲ್ ತುಳಿಯುತ್ತಾ ಮನೆಗೆ ಬರುವಾಗ ಮೇಲೆ ಒಂದು ವಿಮಾನ ಇಳಿಯುತ್ತಿತ್ತು. ನಮ್ಮ ಕಡೆ ದಿನವೂ ಇಳಿಯುತ್ತವೆ, ಯಾರೂ ತಲೆ ಎತ್ತುವುದಿಲ್ಲ. ನಾನು ಆವತ್ತು ಸೈಕಲ್ ನಿಲ್ಲಿಸಿ ನೋಡಿದೆ.

ಶನಿವಾರ ಟೆಸ್ಟ್ ಬೆಂಚಿನ ಇಂಧನ ಪರೀಕ್ಷಿಸುವ ದಿನ. ಒಂದಷ್ಟು ಇಂಧನ ತೆಗೆದು ಬಿಳಿ ಬಿಲ್ಲೆಯಂಥ ಫಿಲ್ಟರಿನ ಮೂಲಕ ಸೋಸಿ, ಬಿಲ್ಲೆಯನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಮೇಡಂ ನೋಡಿದರು. ಮತ್ತೆ ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ಕರೆದು ತೋರಿಸಿದರು. ಬಿಲ್ಲೆಯ ಮೇಲೆ ಕೆಂಪು ಚುಕ್ಕೆಗಳು, ಸಾಸಿವೆಗಿಂತ ಬಹಳ ಸಣ್ಣವು.

ಕೆಂಪು ಅಂದರೆ ತುಕ್ಕು. ನಾವು ಮೂವರೂ ಹಾಗೇ ಅಂದುಕೊಂಡೆವು. ತುಕ್ಕು ಅಂದರೆ ಬೆಂಚಿನ ಟ್ಯಾಂಕಿನಲ್ಲಿ ಎಲ್ಲೋ ನೀರು ಸೇರಿದೆ ಅಂತ ಅರ್ಥ. ಬೆಂಚು ನಿಲ್ಲಿಸಿ ಟ್ಯಾಂಕು ಖಾಲಿ ಮಾಡಿ ಒಳಗೆ ದೀಪ ಬಿಟ್ಟು ನೋಡಿದೆವು. ಒಳಗೆಲ್ಲ ಕನ್ನಡಿಯ ಹಾಗಿತ್ತು. ಪೈಪು ಬಿಚ್ಚಿದೆವು. ಅಲ್ಲೂ ಏನಿಲ್ಲ. ಕಂಪನಿಯ ಮಾಲೀಕರು ಎರಡು ಸಲ ಬಂದು ನೋಡಿ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಊಟ ಆದಮೇಲೆ ಮೇಡಂ ನನಗೆ ಒಂದು ಮಾತು ಹೇಳಿದರು: ಹೊಸದಾಗಿ ಏನೂ ಯೋಚಿಸಬೇಡಿ, ದಿನಾ ಹೇಗೆ ಮಾಡುತ್ತೀರೋ ಹಾಗೆ ಮೂರನೇ ಪಂಪಿನ ಕೆಲಸ ನನ್ನ ಮುಂದೆ ಮಾಡಿ, ನಾನು ನೋಡುತ್ತೇನೆ. ನಾನು ಒಂದು ಮುಚ್ಚಳ ತೊಳೆದೆ. ಎತ್ತಿ ತಟ್ಟೆಯಲ್ಲಿಟ್ಟು ಗಾಳಿಯ ಗನ್ ಹಿಡಿದೆ. ಅವರು ತಡೆದು, ತಟ್ಟೆಯ ಬದಲು ಒಂದು ಹೊಸ ಬಿಳಿ ಬಟ್ಟೆ ಹಾಸಿದರು. ಊದಿದೆ. ಬಟ್ಟೆಯ ಮೇಲೆ ಏನೂ ಕಾಣಲಿಲ್ಲ. ಇನ್ನೂ ಊದಿ ಎಂದರು. ತುಂಬಾ ಹೊತ್ತು ಊದಿದ ಮೇಲೆ ಒಂದು ಕಡೆ ಬಟ್ಟೆ ತಿಳಿಯಾಗಿ ಕೆಂಪಡರಿದ ಹಾಗಾಯಿತು. ಅವರು ಬೆರಳನ್ನು ನೀರಿಗೆ ಅದ್ದಿ ಅಲ್ಲಿ ಮುಟ್ಟಿದರು. ಕೆಂಪು ಹರಡಿ ಗುಲಾಬಿಯಾಯಿತು.

ತುಕ್ಕು ಹಾಗೆ ಹರಡುವುದಿಲ್ಲ. ಅದು ನನಗೂ ಗೊತ್ತಿತ್ತು, ಫೋರ್‌ಮನ್ನರಿಗೂ ಗೊತ್ತಿತ್ತು. ಬಟ್ಟೆಯನ್ನು ನೀರಲ್ಲಿ ಮುಟ್ಟಿ ನೋಡಬೇಕೆಂದು ಮಾತ್ರ ನಮಗಿಬ್ಬರಿಗೂ ಹೊಳೆದಿರಲಿಲ್ಲ.

"ಇದು ಕುಂಕುಮ ಅಲ್ಲೇನ್ರೀ," ಅಂದರು ಮೇಡಂ. ಅವರು ಕೇಳಿದ್ದು ಯಾರನ್ನೂ ಅಲ್ಲ.

ಫೋರ್‌ಮನ್ ಹಿಂದಿನ ಬಾಗಿಲಿಗೆ ಹೋದರು. ನಾವೂ ಹೋದೆವು. ಒಡೆದ ಬೂದುಗುಂಬಳದ ಹೋಳುಗಳು ಒಣಗಿ ಅಲ್ಲೇ ಬಿದ್ದಿದ್ದವು. ಅವುಗಳಿಂದ ಎರಡು ಮಾರು ದೂರದಲ್ಲಿ, ಮೊಣಕಾಲಿನ ಎತ್ತರಕ್ಕೆ, ನಮ್ಮ ಗಾಳಿಯ ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಹೊರಗಿನ ಗಾಳಿ ಎಳೆದುಕೊಳ್ಳುವ ಬಾಯಿ. ಅದರ ಫೆಲ್ಟ್ ಫಿಲ್ಟರ್ ಒಂದು ಅಂಚಿನಲ್ಲಿ ಹರಿದಿತ್ತು. ಬಿಚ್ಚಿ ನೋಡಿದರೆ ಹೊರಗಡೆಯೂ ಕೆಂಪು, ಒಳಗಡೆಯೂ ಕೆಂಪು. ಕ್ಲೀನ್ ರೂಮಿನೊಳಗೆ ಚಿಟಿಕೆ ಕುಂಕುಮ ಬಿಡದವರು ನಾವು, ಕಂಪ್ರೆಸರ್ ಓಡಿಸಿಕೊಂಡು ಅದರ ಮೂಗಿನ ಮುಂದೆ ಒಂದು ಪೊಟ್ಟಣ ಕುಂಕುಮ ಹಾರಿಸಿದ್ದೆವು. ಅದು ಪೈಪಿನಲ್ಲಿ ಕೂತು, ನಾನು ಒಂದೊಂದು ಭಾಗ ಒಣಗಿಸಿದಾಗಲೂ ಸ್ವಲ್ಪ ಸ್ವಲ್ಪ ಹೊರಗೆ ಬಂದಿತ್ತು.

ಫೋರ್‌ಮನ್ ಬಹಳ ಹೊತ್ತು ಆ ಫಿಲ್ಟರನ್ನೇ ತಿರುಗಿಸಿ ನೋಡುತ್ತಿದ್ದರು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ದೃಷ್ಟಿ ತೆಗೀತೀನಿ ಅಂತ ಹೋಗಿ ನಾನೇ ದೃಷ್ಟಿ ಹಾಕ್ಬಿಟ್ನಲ್ಲೋ," ಅಂದರು.

ಮೂರರಿಂದ ಆರನೇ ಪಂಪಿನವರೆಗೆ ತೊಂದರೆ ಇರಲಿಲ್ಲ. ಅವು ಇನ್ನೂ ಕಟ್ಟಿರಲಿಲ್ಲ. ಮತ್ತೆ ತೊಳೆದರೆ ಆಯಿತು. ಮಾತು ಉಳಿದದ್ದು ವಿಮಾನಕ್ಕೆ ಹತ್ತಿದ ಎರಡರದು. ಮಾಲೀಕರ ಕೋಣೆಯಲ್ಲಿ ನಾವು ನಾಲ್ವರೂ ಸೇರಿದೆವು. ಮಾಲೀಕರು ಕೆಟ್ಟ ಮನುಷ್ಯರಲ್ಲ. ಅವರು ಕೇಳಿದ ಪ್ರಶ್ನೆ ಯಾರು ಬೇಕಾದರೂ ಕೇಳುವಂಥದ್ದು. ಪಂಪು ಟೆಸ್ಟಿನಲ್ಲಿ ಪಾಸಾಗಿದೆ. ಒಳಗೆ ಉಳಿದಿದ್ದರೆ ಉಗುರಿನ ತುದಿಯಷ್ಟು ಕುಂಕುಮ ಉಳಿದಿರಬಹುದು. ಒಂದೊಂದು ಟ್ಯಾಂಕಿಗೆ ಎರಡೆರಡು ಪಂಪು ಇರುತ್ತವೆ, ಒಂದು ನಿಂತರೂ ಇನ್ನೊಂದು ಇದೆ, ಎರಡೂ ನಿಂತರೂ ಎಂಜಿನ್ನಿಗೆ ತನ್ನದೇ ಪಂಪು ಇದೆ. ಇಷ್ಟಕ್ಕಾಗಿ ಹೊಸ ಗಿರಾಕಿಯ ಬಳಿ ಹೋಗಿ ನಮ್ಮ ಮುಖಕ್ಕೆ ನಾವೇ ಮಸಿ ಬಳಿದುಕೊಳ್ಳಬೇಕೇ?

ಮೇಡಂ ತೆಗೆಸಲೇಬೇಕು ಅಂದರು. ಅದು ಮೃದುವಾದ ಕಾರ್ಬನ್ ಸೀಲು, ಅದರ ಮುಖದ ಮೇಲೆ ಪುಡಿ ಕೂತರೆ ನಾಳೆ ಅಲ್ಲದಿದ್ದರೂ ಆರು ತಿಂಗಳಿಗೆ ತೊಟ್ಟಿಕ್ಕುತ್ತದೆ ಎಂದು ವಿವರಿಸಿದರು. ಮಾಲೀಕರು ಫೋರ್‌ಮನ್ನರ ಕಡೆ ನೋಡಿದರು. ಫೋರ್‌ಮನ್ ನನ್ನ ಕಡೆ ನೋಡಿದರು.

ಆ ಕೋಣೆಯಲ್ಲಿ ನಾಲ್ವರಿಗೂ ಗೊತ್ತಿತ್ತು, ಪಂಪು ವಾಪಸ್ ಬಂದರೆ ನನ್ನ ಸ್ಟ್ಯಾಂಪ್ ಹೋಯಿತು. ಮೇಡಂಗೂ ಗೊತ್ತಿತ್ತು. ಅವರು ನನ್ನ ಮುಖ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

"ಕಟ್ಟಿದವನು ನೀನಪ್ಪ. ನೀನೇ ಹೇಳು, ಓಡತ್ತೋ ಇಲ್ವೋ?" ಅಂದರು ಮಾಲೀಕರು.

"ಓಡತ್ತೆ ಸಾರ್."

"ಮತ್ತೆ?"

"ಓಡತ್ತೆ. ಆದ್ರೆ ಒಳಗೆ ಏನಿದೆ ಅಂತ ನಂಗೆ ಗೊತ್ತು. ಆ ಕಂಪನಿಯೋರಿಗೆ ಗೊತ್ತಿಲ್ಲ. ತೆಗೆಸಿ ಸಾರ್. ನಾನೇ ಹೋಗಿ ತರ್ತೀನಿ."

ಇದನ್ನು ನಾನು ದೊಡ್ಡ ಮನಸ್ಸಿನಿಂದ ಹೇಳಲಿಲ್ಲ. ಹೇಳುವಾಗ ನನಗೆ ಸಿಟ್ಟು ಬಂದಿತ್ತು. ಲಾರಿಯ ಮೇಲೆ, ಲಾರಿ ಬಿಟ್ಟು ಊರಿಗೆ ಹೋದ ಡ್ರೈವರಿನ ಮೇಲೆ, ದೊಡ್ಡ ಪೊಟ್ಟಣ ಕೊಟ್ಟ ಅಂಗಡಿಯವನ ಮೇಲೆ. ಆದರೆ ನನ್ನ ಕೈಯಲ್ಲಿ ಕಟ್ಟಿದ ಪಂಪಿನೊಳಗೆ ನಾನು ಹಾಕದ ವಸ್ತು ಇದೆ ಅನ್ನುವುದು ಆ ಸಿಟ್ಟಿಗಿಂತ ಹೆಚ್ಚು ಚುಚ್ಚುತ್ತಿತ್ತು. ಬೇರೆಯವರ ಸ್ಟ್ಯಾಂಪ್ ಇದ್ದರೂ ಅದು ನನ್ನ ಪಂಪು.

ಮೇಡಂ ಅಲ್ಲಿಂದಲೇ ಫೋನ್ ಮಾಡಿದರು. ಸೋಮವಾರ ಮಧ್ಯಾಹ್ನ ಆ ವಿಮಾನ ಬೆಂಗಳೂರಿನಲ್ಲಿ ನಾಲ್ಕು ಗಂಟೆ ನಿಲ್ಲುತ್ತದೆ, ಆಗ ತೆಗೆಯೋಣ, ಅಲ್ಲಿಯವರೆಗೆ ಓಡಿಸುವುದಕ್ಕೆ ಅಡ್ಡಿಯಿಲ್ಲ ಎಂದರಂತೆ ಅವರ ಎಂಜಿನಿಯರ್.

ಅಪ್ಪನಿಗೆ ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಆ ಕಾಲಕ್ಕಾಗಲೇ ಕೆರೆಯಲ್ಲಿ ನೊರೆ ಏಳಲು ಶುರುವಾಗಿತ್ತು, ಗದ್ದೆಗಳೆಲ್ಲ ಸೈಟುಗಳಾಗುತ್ತಿದ್ದವು, ನೀರುಗಂಟಿಗೆ ಕೆಲಸವಿರಲಿಲ್ಲ. ಆದರೆ ಜಾಲರಿ, ಟ್ಯಾಂಕು ಅಂದರೆ ಅಪ್ಪನಿಗೆ ನನ್ನ ಹೆಂಡತಿಗಿಂತ ಬೇಗ ಅರ್ಥವಾಗುತ್ತಿತ್ತು. ಎಲ್ಲ ಕೇಳಿ ಒಂದೇ ಮಾತು ಕೇಳಿದರು.

"ನೀರು ಬತ್ತಾ ಇತ್ತೇನ್ಲಾ?"

"ಬರ್ತಾ ಇತ್ತಪ್ಪ."

"ಬತ್ತಾ ಇದ್ರೂ ಸೊಪ್ಪು ಸಿಕ್ಕೈತೆ ಅಂತ ಗೊತ್ತಾದ್ಮೇಲೆ ತೂಬು ಎತ್ತಿ ನೋಡ್ದೆ ಮಲೀಕ್ಕಾಗಲ್ಲ ಬುಡು," ಅಂದು ಸಾರು ಸುರಿದುಕೊಂಡರು. ನನ್ನ ಸ್ಟ್ಯಾಂಪಿನ ಮಾತು ಅವರು ಎತ್ತಲಿಲ್ಲ.

ಸೋಮವಾರ ಫೋರ್‌ಮನ್, ಮೇಡಂ, ನಾನು ಕಂಪನಿಯ ವ್ಯಾನಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋದೆವು. ಹಬ್ಬಕ್ಕೆ ಮುಂಚೆಯೇ ಕಟ್ಟಿ ಶಾಪಿನಲ್ಲಿ ಎರವಲಿಗೆಂದು ಇಟ್ಟಿದ್ದ ಎರಡು ಒಳ್ಳೆಯ ಪಂಪುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟುಕೊಂಡು ನಾನು ಹಿಂದೆ ಕೂತಿದ್ದೆ. ಆರು ವರ್ಷ ಪಂಪು ಕಟ್ಟಿದ್ದೆ. ಅದು ಕೂರುವ ಜಾಗ ನಾನು ನೋಡಿರಲಿಲ್ಲ. ಪಾಸು ಮಾಡಿಸಿ, ಚೀಲ ತೋರಿಸಿ, ಒಳಗೆ ಹೋಗಿ ರೆಕ್ಕೆಯ ಕೆಳಗೆ ನಿಂತಾಗ ಮೊದಲು ಗಮನಕ್ಕೆ ಬಂದದ್ದು ಸೆಕೆ. ಸಿಮೆಂಟಿನ ನೆಲ ಕಾದು ಬೂಟಿನೊಳಕ್ಕೆ ಬಿಸಿ ಬರುತ್ತಿತ್ತು. ಎರಡನೆಯದು ವಾಸನೆ. ನನ್ನ ಅಂಗಿಯ ವಾಸನೆ ಇಡೀ ಬಯಲಿನಲ್ಲಿ ತುಂಬಿತ್ತು.

ಅವರ ಎಂಜಿನಿಯರ್ ಒಬ್ಬ ಮಲಯಾಳಿ. ಕಾರಣ ಏನು ಬರೆಯಲಿ ಎಂದು ಕೇಳಿದರು. ಮೇಡಂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಪೂಜೆಯ ಕುಂಕುಮ ಗಾಳಿಯ ಲೈನಿಗೆ ಸೇರಿದೆ. ಎಂಜಿನಿಯರ್ ನಗುತ್ತಾರೆ ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ. ನಗಲಿಲ್ಲ. ಹ್ಯಾಂಗರಿನ ಕಡೆ ಕೈ ತೋರಿಸಿ, ವಿಮಾನ ಎಳೆಯುವ ನಮ್ಮ ಟ್ರಾಕ್ಟರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದೂ ಅದೇ ದಿನ, ನಮ್ಮದು ಚಕ್ರಕ್ಕೆ ಸಿಕ್ಕಿತು, ನಿಮ್ಮದು ಪಂಪಿಗೆ ಸಿಕ್ಕಿತು ಎಂದರು. ಫೋರ್‌ಮನ್ ಆ ವಾರದಲ್ಲಿ ನಕ್ಕದ್ದು ಅದೊಂದೇ ಸಲ.

ಕೆಲಸ ಸರಳ. ಕಾಕ್‌ಪಿಟ್ಟಿನಲ್ಲಿ ಪಂಪಿಗೆ ಕರೆಂಟು ಕೊಡುವ ಬ್ರೇಕರ್ ಎಳೆದು ಅದಕ್ಕೊಂದು ಕೆಂಪು ಚೀಟಿ ಕಟ್ಟಿದರು, ಯಾರೂ ಮತ್ತೆ ಹಾಕದ ಹಾಗೆ. ರೆಕ್ಕೆಯ ಕೆಳಗಿನ ಮುಚ್ಚಳ ತೆಗೆದರು. ಆ ಪಂಪು ಒಂದು ಗೂಡಿನೊಳಗೆ ಕೂತಿರುತ್ತದೆ. ಹೊರಗೆಳೆದ ಕೂಡಲೇ ಗೂಡಿನ ಬಾಯಿಗೆ ಒಂದು ಕವಾಟ ಬಿದ್ದು ಟ್ಯಾಂಕಿನ ಇಂಧನವನ್ನು ತಡೆಯುತ್ತದೆ. ಟ್ಯಾಂಕು ಖಾಲಿ ಮಾಡುವುದು ಬೇಕಿಲ್ಲ. ಗೂಡಿನಲ್ಲಿ ನಿಂತದ್ದು ಮಾತ್ರ ಸುರಿಯುತ್ತದೆ. ತೂಬು ನನಗೆ ಹೊಸದಲ್ಲ, ಆದರೂ ತಲೆಯ ಮೇಲೆ ಅಷ್ಟು ಇಂಧನ ಹಿಡಿದುಕೊಂಡು ನಿಂತ ಆ ಸಣ್ಣ ಕವಾಟವನ್ನು ನೋಡಿ ಒಂದು ಕ್ಷಣ ಬಕೆಟ್ ಹಿಡಿದ ಕೈ ಮರೆತೆ. ಕೆಳಗಿದ್ದ ಮೆಕ್ಯಾನಿಕ್, ಬಕೆಟ್ ಈಚೆಗೆ ತಗೊಳ್ಳಿ ಅಣ್ಣ, ನನ್ನ ತಲೆ ಮೇಲೆ ಬೀಳ್ತಿದೆ ಎಂದ.

ಎರಡೂ ಪಂಪು ಬದಲಾದವು. ಹೊಸದನ್ನು ಓಡಿಸಿ, ಮುಚ್ಚಳದ ಸುತ್ತ ಬಿಳಿ ಕಾಗದ ಒತ್ತಿ, ಸೋರುತ್ತಿಲ್ಲ ಎಂದು ನೋಡಿದರು. ಎಂಜಿನಿಯರ್ ಕಾಗದದ ಮೇಲೆ, ಶಾಪಿನವರೇ ಕೇಳಿಕೊಂಡಿದ್ದರಿಂದ ತೆಗೆಯಲಾಯಿತು ಎಂದು ಬರೆದರು.

ಶಾಪಿಗೆ ಬಂದು ನಾನೇ ಬಿಚ್ಚಿದೆ. ಮೊದಲನೆಯದರಲ್ಲಿ ಏನೂ ಇರಲಿಲ್ಲ. ಎಷ್ಟು ಹುಡುಕಿದರೂ ಇಲ್ಲ. ಮಾಲೀಕರು ಬಾಗಿಲಲ್ಲಿ ನಿಂತಿದ್ದರು. ನನಗೆ ಆಗ ನಿಜವಾಗಿ ಬೆವರಿತು. ಎರಡನೆಯದರಲ್ಲಿ ಸೀಲಿನ ಹಿಂದಿನ ಸಂದಿಯಲ್ಲಿ ಇತ್ತು, ಒಂದು ಗೆರೆಯಷ್ಟು, ಇಂಧನದಲ್ಲಿ ನೆನೆದು ಇಟ್ಟಿಗೆ ಬಣ್ಣವಾಗಿತ್ತು. ಸೀಲಿನ ಮುಖದ ಮೇಲೆ ಕೂದಲಿಗಿಂತ ಸಣ್ಣ ಗೀರು ಒಂದು ಆಗಲೇ ಬಿದ್ದಿತ್ತು. ಮಾಲೀಕರು ಭೂತಗನ್ನಡಿಯಲ್ಲಿ ನೋಡಿ ತಲೆಯಾಡಿಸಿ ಹೋದರು. ಮಾರನೇ ದಿನ ಕಂಪ್ರೆಸರಿಗೆ ಪೈಪು ಹಾಕಿಸಿ ಅದರ ಬಾಯನ್ನು ಶೆಡ್ಡಿನ ಚಾವಣಿಯ ಮೇಲಕ್ಕೆ ಏರಿಸಿದರು.

ಉಳಿದ ನಾಲ್ಕೂ ಪಂಪು ತೊಂದರೆಯಿಲ್ಲದೆ ಹೋದವು. ಆ ವಿಮಾನ ಕಂಪನಿ ನಮ್ಮನ್ನು ಬಿಡಲಿಲ್ಲ, ಕೆಲಸ ಕೊಡುತ್ತಲೇ ಹೋಯಿತು. ನನ್ನ ಲೆಕ್ಕ ಮಾತ್ರ ಮೊದಲು ಹೇಳಿದಂತೆಯೇ ಆಯಿತು. ಮೇಡಂ ನನ್ನನ್ನು ಕರೆದು ಕೂರಿಸಿ, ನಿಯಮದ ಪ್ರಕಾರ ಎರಡು ವಾಪಸ್ ಬಂದಿವೆ, ಕಾರಣ ಏನೇ ಇರಲಿ ನಾನು ಬರೆಯುವ ಹಾಗಿಲ್ಲ ಎಂದರು. ಅವರ ಕಣ್ಣು ಕೆಂಪಾಗಿತ್ತು. ನಾನು ಗೊತ್ತು ಮೇಡಂ ಅಂದೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದೂ ಹೇಳಬೇಕು ಅನ್ನಿಸಿತು, ಆದರೆ ಅಷ್ಟು ಒಳ್ಳೆಯತನ ಆವತ್ತು ನನ್ನಲ್ಲಿ ಇರಲಿಲ್ಲ.

"ಎಸ್ಸೆಸ್ಸೆಲ್ಸಿ ಕಟ್ರಿ. ಆಮ್ಯಾಲೆ ವಿನಾಯಿತಿನೇ ಬ್ಯಾಡ," ಅಂದರು ಅವರು.

ಯುಗಾದಿಗೆ ಫೋರ್‌ಮನ್ ಹೋದರು. ಅವರ ಸ್ಟ್ಯಾಂಪಿನ ಜಾಗಕ್ಕೆ ಡಿಪ್ಲೊಮಾ ಮಾಡಿದ ಒಬ್ಬರು ಬಂದರು. ಒಳ್ಳೆಯ ಕೆಲಸಗಾರ, ನನಗೆ ಅವರ ಮೇಲೆ ಯಾವ ದೂರೂ ಇಲ್ಲ. ನಾನು ಕಟ್ಟಿದೆ, ಅವರು ಒತ್ತಿದರು. ಸಂಜೆ ಮನೆಗೆ ಬಂದು, ಕೈಯ ಸೀಮೆಎಣ್ಣೆ ವಾಸನೆ ಹೋಗುವವರೆಗೆ ತಿಕ್ಕಿ ತೊಳೆದು, ಪುಸ್ತಕ ಹಿಡಿದೆ. ಮೂವತ್ತು ದಾಟಿದವನು ಪರೀಕ್ಷೆಯ ಹಾಲಿನಲ್ಲಿ ಕೂತಾಗ ಮೇಲ್ವಿಚಾರಕರು ನನ್ನನ್ನು ಯಾರದೋ ತಂದೆ ಎಂದುಕೊಂಡು ಹೊರಗೆ ಕಾಯಿರಿ ಎಂದರು. ಮೊದಲ ಸಲ ಇಂಗ್ಲಿಷ್, ಲೆಕ್ಕ ಎರಡೂ ಹೋದವು. ಎರಡನೇ ಸಲ ಲೆಕ್ಕ ಹೋಯಿತು. ಇಂಚಿನ ಸಾವಿರದ ಒಂದು ಪಾಲಲ್ಲ, ಹತ್ತು ಸಾವಿರದ ಒಂದು ಪಾಲು ಅಳೆಯುವ ನನಗೆ ಲೆಕ್ಕ ಹೋಯಿತೆಂದು ಬಸ್ಸಿನ ಕಂಡಕ್ಟರ್ ವಾರವಿಡೀ ರೇಗಿಸಿದ. ಮೂರನೇ ಸಲ ಪಾಸಾದೆ. ೧೯೯೯ರಲ್ಲಿ ಮೇಡಂ ತಾವೇ ಬಂದು ಸ್ಟ್ಯಾಂಪನ್ನು ನನ್ನ ಬೆಂಚಿನ ಮೇಲೆ ಇಟ್ಟು ಹೋದರು. ಮೊದಲ ಕಾರ್ಡಿನ ಮೇಲೆ ಒತ್ತಿದಾಗ ಇಂಕು ಹೆಚ್ಚಾಗಿ ನಂಬರ್ ಕಲಸಿಹೋಯಿತು. ಮತ್ತೆ ಒತ್ತಬೇಕಾಯಿತು.

ಆ ವರ್ಷದ ಆಯುಧಪೂಜೆಗೆ ಹಳೇ ಫೋರ್‌ಮನ್ನರನ್ನು ಕರೆಸಿದೆವು. ಕುಂಬಳಕಾಯಿ ಈಗ ಗೇಟಿನ ಆಚೆ, ಕಂಪ್ರೆಸರ್ ನಿಲ್ಲಿಸಿದ ಮೇಲೆ, ಕುಂಕುಮ ಹಾಕದೆ ಒಡೆಯುವುದು. ಅವರು ಕಾಯಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದೇನೋ ದೃಷ್ಟಿ ತೆಗ್ಯೋದಾ, ಹುಳಿಗೆ ಹೆಚ್ಚೋದಾ?" ಅಂದು ಒಡೆದರು. ಆಮೇಲೆ ಒಳಗೆ ಬಂದು ನನ್ನ ಸ್ಟ್ಯಾಂಪ್ ಕೇಳಿ ಪಡೆದು, ತಮ್ಮ ಅಂಗೈ ಮೇಲೆ ಒಂದು ಸಲ ಒತ್ತಿಕೊಂಡು, ನಂಬರ್ ಓದಿ ವಾಪಸ್ ಕೊಟ್ಟರು.

ಈಗ ನನಗೆ ನಿವೃತ್ತಿಗೆ ಒಂದು ವರ್ಷ ಉಳಿದಿದೆ. ವರ್ತೂರಿನಲ್ಲಿ ಅಪ್ಪನ ಕಾಲದ ಜಾಗದಲ್ಲಿ ಮೂರು ಕೋಣೆಯ ಮನೆ ಇದೆ. ಒಂದು ಸ್ಕೂಟರ್ ಇದೆ, ಸೈಕಲ್ಲೂ ಇದೆ. ಸ್ವಲ್ಪ ಮಂದವಾದ ಎಡಗಿವಿ, ಎರಡು ಜೊತೆ ಕನ್ನಡಕ, ಪೀಣ್ಯದಲ್ಲಿ ಕೊಂಡ ಒಂದು ಮೈಕ್ರೋಮೀಟರ್, ಲೆಕ್ಕದಲ್ಲಿ ಮೂವತ್ತೇಳು ಅಂಕದ ಒಂದು ಮಾರ್ಕ್ಸ್ ಕಾರ್ಡ್. ಒಂದು ಸ್ಟ್ಯಾಂಪ್. ಅದನ್ನು ಒತ್ತಿ ಕಳಿಸಿದ್ದರಲ್ಲಿ ನನ್ನ ತಪ್ಪಿಗೆ ವಾಪಸ್ ಬಂದ ಪಂಪು ಒಂದೂ ಇಲ್ಲ. ಸ್ಟ್ಯಾಂಪಿಗೆ ಮುಂಚೆ ವಾಪಸ್ ಬಂದವು ಎರಡು, ಎರಡನ್ನೂ ತಂದವನು ನಾನೇ.